ಕ್ಷಿಪಣಿಯ ನಕಾಶೆ, ನಿಮ್ಮಜ್ಜನ ಕಾಲುದಾರಿ

ಮಕ್ಕಳೇ, ಹೋದ ತಿಂಗಳು ಕೊಪ್ಪಳದ ಮನೆಯಲ್ಲಿ ನಿಮ್ಮಲ್ಲಿ ದೊಡ್ಡವಳು ಶಾಲೆಯ ಪಾಠಕ್ಕೆಂದು ಜಲಾಂತರ್ಗಾಮಿಯ ಚಿತ್ರ ಬರೆಯುತ್ತಿದ್ದಳು. ನೀರೊಳಗಿನಿಂದ ಚಿಮ್ಮಿದ ಕ್ಷಿಪಣಿಗೆ ತನ್ನ ಗುರಿ ಹೇಗೆ ಸಿಗುತ್ತದೆ ಎಂದು ಕೇಳಿದೆ.

"ಸಮುದ್ರದ ಮ್ಯಾಲೆ ಗುರುತು ಏನೂ ಇರಂಗಿಲ್ಲ ಅಜ್ಜಿ. ಎಷ್ಟು ದೂರ ಬಂದೆ, ಯಾವ ಕಡೆ ಹೊಳ್ಳಿದೆ ಅಂತ ತಾನ ಲೆಕ್ಕ ಇಟ್ಕೊಂಡು ಬರ್ತೈತಿ. ನೆಲ ಸಿಕ್ಕ ಮ್ಯಾಲೆ ಕೆಳಗಿನ ದಿಬ್ಬ-ತಗ್ಗು ಅಳಕೋತ, ಹೊಟ್ಟ್ಯಾಗಿನ ನಕಾಶೆಗೆ ಹೊಂದಿಸಿ ನೋಡ್ತೈತಿ. ಕಡೀಕ ಗುರಿಯ ಫೋಟೋ ತಾಳೆ ಹಾಕ್ತೈತಿ."

"ಆ ದಿಬ್ಬಾನ ಯಾರರ ಸಪಾಟು ಮಾಡಿದ್ರ?"

"ಹೊಸ ನಕಾಶೆ ಕೊಡಬೇಕು. ಇಲ್ಲಂದ್ರ ದಾರಿ ತಪ್ತೈತಿ," ಎಂದು ನಕ್ಕಳು. ನನಗೆ ನಿಮ್ಮಜ್ಜ ನೆನಪಾದರು.

ನಾವು ನವಲಿ ಊರಲ್ಲಿದ್ದಾಗ ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂಜಾಗಿ, ಕಡೆಗೆ ಬೆಳಕಷ್ಟೇ ತಿಳಿಯುತ್ತಿತ್ತು. ಆದರೂ ಗದ್ದೆಗೆ ಒಬ್ಬರೇ ಹೋಗುವರು. ಕೈ ಹಿಡಿಯಲು ಹೋದರೆ, "ನನ್ನ ಕಾಲಿಗೆ ಕಣ್ಣದಾವು, ನೀ ರೊಟ್ಟಿ ತಟ್ಟು," ಎಂದು ಕೊಸರಿಕೊಳ್ಳುವರು. ಮನೆ ಮುಂದಿನ ಇಳಿಜಾರು, ಆಮೇಲೆ ಹಳ್ಳದ ಉಸುಕು, ಆಮೇಲೆ ಪೈಪು ಹೂತಿದ್ದ ಉಬ್ಬು. ಉಬ್ಬು ಪಾದಕ್ಕೆ ತಾಗಿದೊಡನೆ ಎಡಕ್ಕೆ ಹೊರಳಿದರೆ ನಮ್ಮ ಗದ್ದೆ. ನೆಟ್ಟಗೆ ಹೋದರೆ ಕಾಲುವೆ.

ಒಂದು ದಿನ ಟ್ರ್ಯಾಕ್ಟರ್ ಹಾಯಲೆಂದು ಯಾರೋ ಆ ಉಬ್ಬಿನ ಎರಡೂ ಬದಿಗೆ ಗರಸು ಮಣ್ಣು ಸುರಿದು ದಾರಿ ಸಮ ಮಾಡಿದರು. ಬೆಳಿಗ್ಗೆ ನೀರಿಗೆ ಹೋದಾಗ ನೋಡಿದ್ದೆ. ಅವರಿಗೆ ಹೇಳಲು ಮರೆತೆ. ಬುತ್ತಿ ಹೊತ್ತು ಹಿಂದೆ ಹೊರಟವಳು ನೋಡುತ್ತೇನೆ, ಅವರು ನೆಟ್ಟಗೆ ಕಾಲುವೆಯತ್ತ ನಡೆದಿದ್ದಾರೆ.

"ನಿಂದರ್ರೀ! ನಿಂದರ್ರೀ!" ಎಂದು ಕೂಗಿದೆ. ಕಳೆ ಕೀಳುತ್ತಿದ್ದ ಹೆಣ್ಣುಮಕ್ಕಳೆಲ್ಲ ಎದ್ದು ನಿಂತರು. ಇದು ಆ ಹೆಣ್ಣುಮಕ್ಕಳಿಗೇ ಹೇಳಿದ್ದು ಎಂದುಕೊಂಡು ನಿಮ್ಮಜ್ಜ ಮಾತ್ರ ನಡೆದೇ ಇದ್ದರು.

ಗಂಡನ ಹೆಸರು ಬಾಯಲ್ಲಿ ಬರಬಾರದೆಂದು ಬೆಳೆದವಳು ನಾನು. ಮದುವೆಯಲ್ಲಿ ಪ್ರಾಸದ ಒಡಪು ಕಟ್ಟಿ ಅದರೊಳಗೆ ಹೆಸರು ಸೇರಿಸಿ ಹೇಳು ಎಂದು ಎಲ್ಲರೂ ಕಾಡಿದಾಗಲೂ ಸೆರಗು ಕಚ್ಚಿ ಒಳಗೆ ಓಡಿದ್ದೆ. ಆವತ್ತು ಬುತ್ತಿ ಕೈಯಿಂದ ಬಿತ್ತು, ಹೆಸರು ಬಾಯಿಂದ ಬಿತ್ತು, ಊರೇ ಕೇಳುವ ಹಾಗೆ.

ಅವರು ನಿಂತರು. ಕಾಲುವೆಯ ಅಂಚಿಗೆ ಎರಡೇ ಹೆಜ್ಜೆ ಉಳಿದಿತ್ತು.

ಓಡಿ ಹೋಗಿ ತೋಳು ಹಿಡಿದೆ. "ಯಾವಾಕಿನೋ ನನ್ನ ಹೆಸರು ಹಿಡಿದು ಒದರಿದ್ಲಲ್ಲ, ಯಾರಕಿ?" ಎಂದರು, ಮೀಸೆಯಲ್ಲೇ ನಗುತ್ತ.

"ಒಡಪು ಇಲ್ಲದ ಹೇಳ್ಯಾಳ ನೋಡ್ರಿ ಯಜಮಾನ್ರ!" ಎಂದಳು ಕಳೆ ಕೀಳುವವಳೊಬ್ಬಳು. ನಾನು ಸೆರಗನ್ನು ಮುಖದ ಮೇಲೆ ಎಳೆದುಕೊಂಡೆ.

ಮರುದಿನ ಆ ಜಾಗದಲ್ಲಿ ಎರಡು ಕಲ್ಲು ಹೂಳಿಸಿ, ಅವರನ್ನು ಹತ್ತು ಸಲ ಅಡ್ಡಾಡಿಸಿದೆ. ಪಾದ ಹೊಸ ಗುರುತು ಕಲಿಯಿತು. ಆದರೂ ನಾನು ಹಿಂದೆ ಬರುವುದು ತಿಳಿದ ದಿನ ಅಲ್ಲೇ ನಿಂತು, "ದಾರಿ ತಪ್ಪೇತಿ, ಹೆಸರು ಹಿಡಿದು ಕೂಗು," ಎನ್ನುವರು. ನಾನು ಬಾಯಿ ಬಿಡದೆ ತೋಳು ಹಿಡಿದು ಎಡಕ್ಕೆ ಹೊರಳಿಸುತ್ತಿದ್ದೆ. ಆಗ ಅವರು ಕೊಸರಿಕೊಳ್ಳುತ್ತಿರಲಿಲ್ಲ.