ನೀರು ಕುಡಿಯದ ಗೋಡೆ

ಮೊನ್ನೆ ಹಾಸನದ ನಮ್ಮ ಮನೆಯ ಬಾಗಿಲಿಗೆ ವಾರ್ನಿಷ್ ಬಳಿಸಿದೆವು. ಬಡಗಿ ಡಬ್ಬದ ಮುಚ್ಚಳ ತೆಗೆದದ್ದೇ ತಡ, ಆ ಘಾಟು ಮೂಗಿಗೆ ಬಡಿದು ನಾನು ಎದ್ದು ಹಿತ್ತಿಲಿಗೆ ಹೋದೆ. ಮನೆಯವರು ತಲೆನೋವು ಅಂದುಕೊಂಡರು. ನನಗೆ ಅಂಗಡಿ ಅತ್ತೆಯ ನೆನಪಾಗಿತ್ತು...

ಮೇಷ್ಟರ ಹೆಂಡತಿಯಾಗಿ ನಾನು ಮಲೆನಾಡಿನ ಬೆಳಗೋಡಿಗೆ ಬಂದಾಗ ಅವರದು ಪಕ್ಕದ ಮನೆ. ಮುಂದೆ ದಿನಸಿ ಅಂಗಡಿ, ಹಿಂದೆ ಮನೆ, ನಡುವೆ ಒಂದು ಕತ್ತಲು ಪಡಸಾಲೆ. ನೆಂಟರೇನಲ್ಲ. ಅತ್ತೆ ಎಂದು ಕರೆದರೆ ಓಗೊಟ್ಟರು, ಆಮೇಲೆ ನನ್ನ ಸ್ವಂತ ಅತ್ತೆಗಿಂತ ಹೆಚ್ಚಾಗಿಯೇ ಬೈದರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಅಡಿಕೆ. ಮಳೆ ಕಡಿಮೆಯ ಅರಸೀಕೆರೆ ಕಡೆಯ ಹೆಣ್ಣು. ತವರಿನಲ್ಲಿ ಬೆಳಿಗ್ಗೆ ಅಂಗಳದ ತುಂಬ ರಂಗೋಲಿ ಬರೆದರೆ ಸಂಜೆವರೆಗೂ ಜನ ತುಳಿಯದೆ ಸುತ್ತಿಕೊಂಡು ಹೋಗುತ್ತಿದ್ದರಂತೆ. ಇಲ್ಲಿಗೆ ಬಂದ ಮೊದಲ ಮಳೆಗಾಲದಲ್ಲಿ, ಬರೆದು ಕೈ ತೊಳೆಯುವಷ್ಟರಲ್ಲಿ ರಂಗೋಲಿಯೆಲ್ಲ ಚರಂಡಿ ಸೇರಿತ್ತು. "ಗಂಡ ಬೈದ್ರೂ ಅಳ್ಲಿಲ್ಲ ಕಣವ್ವ, ಅದುಕ್ಕೆ ಅತ್‌ಬುಟ್ಟೆ" ಎಂದು ಹೇಳಿಕೊಂಡು ನಗುತ್ತಿದ್ದರು.

ಮಾರನೇ ವರ್ಷ ರಂಗೋಲಿ ಒಳಗೆ ಬಂತು, ನೆಲ ಬಿಟ್ಟು ಗೋಡೆ ಹತ್ತಿತು. ಪಡಸಾಲೆಯ ಮಣ್ಣಿನ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ನೆನೆಸಿ ರುಬ್ಬಿ, ಕಡ್ಡಿಗೆ ಹತ್ತಿ ಸುತ್ತಿ ಆ ಹಿಟ್ಟಿನಲ್ಲಿ ಅದ್ದಿ ಬರೆಯುತ್ತಿದ್ದರು. ಮಳೆ ಹಿಡಿದರೆ ಕರೆಂಟು ಇರದು, ಅಂಗಡಿ ಬಾಗಿಲಿನಿಂದ ಬರುವ ಬೆಳಕಷ್ಟೇ. ಹಾಗಾಗಿ ಗೆರೆಗಳು ಹೆಬ್ಬೆರಳಿನಷ್ಟು ದಪ್ಪ. ತವರಿನ ಸಣ್ಣ ಎಳೆ ಆ ಕತ್ತಲಲ್ಲಿ ಯಾರಿಗೆ ಕಾಣಬೇಕು? ಗೋಡೆ ಬುಡದಿಂದ ತೇವ ಹೀರುತ್ತಿತ್ತು, ತೇವ ಏರಿದಷ್ಟೂ ಗೆರೆ ಕರಗುತ್ತಿತ್ತು. ಅದನ್ನೂ ಲೆಕ್ಕಕ್ಕೆ ಹಿಡಿದೇ ಕೆಳಗೆ ಹೊಳೆ ಬರೆಯುತ್ತಿದ್ದರು. ಮೇಲೆ ಹಕ್ಕಿ, ಬಳ್ಳಿ, ಯಸಳೂರಿನ ಬಸ್ಸು. ಬುಡ ಕರಗಿದರೆ ಹೊಳೆ ಏರಿತು ಎಂದೇ ಲೆಕ್ಕ. ಉಪ್ಪು ಬೆಲ್ಲಕ್ಕೆ ಬಂದವರು ಒಳಗೆ ಇಣುಕಿ, "ಹೊಳೆ ಎಲ್ಲಿಗಂಟ ಬಂತಮ್ಮ?" ಎಂದು ಕೇಳಿಯೇ ಹೋಗುತ್ತಿದ್ದರು.

ದೀಪಾವಳಿ ಹತ್ತಿರ ಬಂದು ಮಳೆ ಬಿಟ್ಟರೆ, ಒಂದು ಬೆಳಿಗ್ಗೆ ಬಕೆಟ್ಟಿನಲ್ಲಿ ಕೆಮ್ಮಣ್ಣು ಕಲಸಿಕೊಂಡು ಇಡೀ ಗೋಡೆಯನ್ನು ಅಳಿಸಿಬಿಡುವರು. ಇರಲಿ ಬಿಡಿ ಅತ್ತೆ ಎಂದು ನಾನು ಗೋಗರೆಯುತ್ತಿದ್ದೆ. "ಇಟ್ಕೊಂಡ್ರೆ ಬರೋ ವರ್ಷ ಎಲ್ಲಿ ಬರೀಲಿ, ನಿನ್ನ ತಲೆ ಮ್ಯಾಲಾ?" ಎನ್ನುವರು.

ಅತ್ತೆಯ ಮಗ ಒಳ್ಳೆಯವನು, ಇದನ್ನು ಹೇಳಲೇಬೇಕು. ದಿನಸಿ ವ್ಯಾಪಾರ ಇಳಿದಾಗ ಮನೆಯನ್ನು ಹೋಂಸ್ಟೇ ಮಾಡಿದ. ಬಂದವರೆಲ್ಲ ಆ ಗೋಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಕೆಲವರು ಪುರಾತನ ಕಲೆ ಎಂದರು, ಕೆಲವರು ಕಾಡುಜನರದು ಎಂದರು. ಬಸ್ಸನ್ನು ಅವರು ಏನೆಂದು ತಿಳಿದರೋ. ಆ ವರ್ಷ ಮಳೆ ಮುಗಿಯುವ ಹೊತ್ತಿಗೆ ಅತ್ತೆ ತವರಿಗೆ ತೊಟ್ಟಿಲ ಶಾಸ್ತ್ರಕ್ಕೆ ಹೋಗಿದ್ದರು. ವಾಪಸ್ಸು ಬಂದರೆ ಅಳಿಸಿಬಿಡುತ್ತಾರೆ ಎಂಬ ಭಯ ಮಗನಿಗೆ. ಬಾಳ್ಳುಪೇಟೆಯಿಂದ ಪಾಲಿಶ್‌ನವನನ್ನು ಕರೆಸಿ ಗೋಡೆಗೆ ವಾರ್ನಿಷ್ ಹೊಡೆಸಿದ, ಮೇಲೊಂದು ಲೈಟು ಹಾಕಿಸಿದ. ಆ ಸಲ ಮಳೆ ಜೋರಾಗಿದ್ದು ಅರ್ಧ ಚಿತ್ರ ಕರಗಿತ್ತು, ಬಸ್ಸಿಗೆ ಚಕ್ರವೇ ಇರಲಿಲ್ಲ. ಹಾಗೆಯೇ ಉಳಿದುಹೋಯಿತು.

"ಅವ್ವ, ಇನ್ನು ನೀನು ವರ್ಷ ವರ್ಷ ಕಷ್ಟಪಡಂಗಿಲ್ಲ. ಇದು ಯಾವತ್ತಿಗೂ ಹೋಗಲ್ಲ" ಎಂದ. ಅತ್ತೆ ಗೋಡೆಯ ಮೇಲೆ ಅಂಗೈ ಆಡಿಸಿದರು. "ಒಳ್ಳೇದಾಯ್ತು ಬುಡಪ್ಪ" ಎಂದು ಒಳಗೆ ಹೋದರು.

ಮುಂದಿನ ಮಳೆಗಾಲ ಶುರುವಾದಾಗ ಅಭ್ಯಾಸಬಲದಿಂದ ಅಕ್ಕಿ ರುಬ್ಬಿಕೊಂಡು ಬಂದರು. ನಾನೂ ಅಲ್ಲಿದ್ದೆ. ಗೆರೆ ಎಳೆದರೆ ಹಿಟ್ಟು ನಿಲ್ಲದೆ ಜಾರಿ ನೆಲಕ್ಕಿಳಿಯಿತು. ಸೆರಗಿನಲ್ಲಿ ಒರೆಸಿ ಮತ್ತೆ ಎಳೆದರು, ಮತ್ತೆ ಜಾರಿತು. "ಈ ಗೋಡೆ ಇನ್ಮೇಲೆ ನೀರು ಕುಡಿಯಾಕಿಲ್ಲ ಕಣವ್ವ" ಎಂದರು. ಉಳಿದ ಗೋಡೆಗಳಿಗೆಲ್ಲ ಅಷ್ಟರಲ್ಲಿ ಸಿಮೆಂಟು, ಪುಟ್ಟಿ ಆಗಿಹೋಗಿತ್ತು. ಮಗ ಪಾಪ ಕ್ಯಾನ್ವಾಸು, ಬಣ್ಣ ತಂದುಕೊಟ್ಟ. ಅತ್ತೆ ಕ್ಯಾನ್ವಾಸನ್ನು ಉಪ್ಪಿನಕಾಯಿ ಜಾಡಿಯ ಮೇಲೆ ಮುಚ್ಚಿದರು.

ಒಂದೇ ಒಂದು ಸಲ, ನನ್ನೆದುರಿಗೇ, ಬಾಯಿಬಿಟ್ಟು ಕೇಳಿದರು. "ಆ ಗೋಡೆ ಕೆರೆಸ್ಬುಡ್ತೀಯೇನಪ್ಪ? ನಾನೇ ಮಣ್ಣು ಬಳ್ಕೊತೀನಿ."

ಮಗ ಗಾಬರಿಯಾದ. "ಜನ ಬರೋದೇ ಅದನ್ನ ನೋಡಾಕೆ ಕಣವ್ವ. ನಿನ್ನ ಹೆಸ್ರು ಉಳೀಲಿ ಅಂತಾನೇ ಮಾಡ್ಸಿದ್ದು ನಾನು." ಅವನ ಕಣ್ಣು ತುಂಬಿಬಂದಿತ್ತು. ಅತ್ತೆ ಮತ್ತೆಂದೂ ಕೇಳಲಿಲ್ಲ. ಆಮೇಲೆ ಪಡಸಾಲೆಯಲ್ಲಿ ಕೂತಾಗೆಲ್ಲ ಗೋಡೆಗೆ ಬೆನ್ನು ಹಾಕಿಯೇ ಕೂರುತ್ತಿದ್ದರು. ಮಳೆ ಶುರುವಾದರೆ ಬೆರಳು ಸುಮ್ಮನಿರದೆ ಮಡಿಲಿನ ಸೀರೆಯ ಮೇಲೆ ಏನೋ ಎಳೆಯುತ್ತಿತ್ತು... ನೋಡಲಾಗದೆ ನಾನು ಬೇರೆ ಮಾತು ತೆಗೆಯುತ್ತಿದ್ದೆ.

ನಮಗೆ ಹಾಸನಕ್ಕೆ ವರ್ಗವಾಯಿತು. ಅತ್ತೆ ತೀರಿಕೊಂಡ ಸುದ್ದಿ ಇಲ್ಲಿದ್ದಾಗಲೇ ಬಂತು. ಹೋದ ಶ್ರಾವಣದಲ್ಲಿ ಬೆಳಗೋಡಿಗೆ ಹೋಗಿದ್ದೆ. ಹೊರಗೆ ಮಳೆ ಜಡಿಯುತ್ತಿತ್ತು, ಒಳಗೆ ಲೈಟಿನ ಬೆಳಕಿಗೆ ಗೋಡೆ ಥಳಥಳ ಹೊಳೆಯುತ್ತಿತ್ತು. ಮಗ ನನ್ನ ಪಕ್ಕಕ್ಕೆ ಬಂದು ನಿಂತು, "ನೋಡಿ ಅಕ್ಕ, ನಮ್ಮವ್ವ ಎಲ್ಲೂ ಹೋಗಿಲ್ಲ, ಇಲ್ಲೇ ಅವ್ಳೆ" ಎಂದ.

"ಹೂಂ ಕಣಪ್ಪ" ಎಂದೆ. ಅವ್ವನನ್ನು ಅಷ್ಟು ಹಚ್ಚಿಕೊಂಡವನಿಗೆ, ಅವರು ಬದುಕಿದ್ದಾಗಲೇ ಆ ಗೋಡೆ ಬಿಟ್ಟು ಹೋಗಿದ್ದರು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.