ಹುಣಸೆಹಣ್ಣಿನಲ್ಲಿ ತೊಳೆದ ಮಂಗೋಲಿಯಾ

ಕಳೆದ ವರ್ಷ ಆಯುಧಪೂಜೆಯ ಮಾರನೆಯ ದಿನ ಬೆಳಗ್ಗೆ ಹತ್ತೂವರೆಗೆ, ಸೋಸಲೆಯ ನಿವೃತ್ತ ಶಿಕ್ಷಕಿ ಜಯಮ್ಮ ನಂಜನಗೂಡಿನ ನಮ್ಮ ಮನೆಗೆ ಬಂದು ನನ್ನ ಮೇಜಿನ ಮೇಲೆ ಮಂಗೋಲಿಯಾ ದೇಶದ ಒಂದು ಪದಕವನ್ನು ಇಟ್ಟರು. ಪದಕ ಫಳಫಳ ಹೊಳೆಯುತ್ತಿತ್ತು. ಅದರ ಹೊಳಪು ಕಂಡು ನನ್ನ ಮುಖ ಬಾಡಿತು.

ಹೊಳೆಯುವ ವಸ್ತುವನ್ನು ನೋಡಿ ಮುಖ ಬಾಡಿಸಿಕೊಳ್ಳುವವನನ್ನು ನೀವು ಕಂಡಿರಲಾರಿರಿ. ಆದ್ದರಿಂದ ಕೊಂಚ ವಿವರಣೆ ಅಗತ್ಯ. ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಕೂತು ಬೇರೆಯವರು ಬರೆದದ್ದನ್ನು ತಿದ್ದುತ್ತ ಆಯುಷ್ಯ ಕಳೆದ ನಾನು, ನಿವೃತ್ತನಾದ ಮೇಲೆ ತಿದ್ದಲು ಏನೂ ಸಿಗದೆ, ಸೋವಿಯತ್ ಒಕ್ಕೂಟದ ಮತ್ತು ಮಂಗೋಲಿಯಾದ ಪದಕಗಳನ್ನೂ ಅವುಗಳ ಜೊತೆ ಕೊಡುತ್ತಿದ್ದ ಅಂಗೈಯಗಲದ ಪ್ರಮಾಣಪುಸ್ತಕಗಳನ್ನೂ ಕೂಡಿಹಾಕತೊಡಗಿದೆ. ಆ ಎರಡು ದೇಶಗಳನ್ನು ನಾನು ನೋಡಿಲ್ಲ. ಉತ್ತರ ದಿಕ್ಕಿನಲ್ಲಿ ನಾನು ಮುಟ್ಟಿರುವ ಕಟ್ಟಕಡೆಯ ಊರು ಹುಬ್ಬಳ್ಳಿ. ಅವರ ಲಿಪಿಯ ಅಕ್ಷರಮಾಲೆಯನ್ನು ಗೋಡೆಗೆ ಅಂಟಿಸಿಕೊಂಡು ಒಂದನೇ ತರಗತಿಯ ಹುಡುಗನ ಹಾಗೆ ಕೂಡಿಸಿ ಕೂಡಿಸಿ ಓದುತ್ತೇನೆ. ಓದಿದ್ದರ ಅರ್ಥಕ್ಕಾಗಿ ನಿಘಂಟಿನ ಮೊರೆ ಹೋಗುತ್ತೇನೆ. ಐದಾರು ಮಕ್ಕಳನ್ನು ಹೆತ್ತು ಸಾಕಿದ ತಾಯಂದಿರಿಗೆ ಸೋವಿಯತ್ ಸರ್ಕಾರ ಕೊಡುತ್ತಿದ್ದ ಮಾತೃತ್ವ ಪದಕ ಕೈಗೆ ಬಂದ ದಿನ ಸಂಭ್ರಮದಿಂದ ಹೆಂಡತಿಗೆ ತೋರಿಸಿದೆ. ಸರೋಜ ಅದನ್ನು ತಿರುಗಿಸಿ ನೋಡಿ, “ನಮ್ಮತ್ತೆ ಏಳು ಹೆತ್ರು. ಅವ್ರಿಗೆ ಸಿಕ್ಕಿದ್ದು ಮಂಡಿನೋವು” ಎಂದು ಹೇಳಿ ಒಗ್ಗರಣೆಗೆ ಹೋದಳು.

ಈ ಹವ್ಯಾಸಕ್ಕೆ ಎರಡು ವಿಧಿಗಳಿವೆ. ಪದಕದ ಬೆನ್ನಿನ ಮೇಲೆ ಕೊರೆದ ಕ್ರಮಸಂಖ್ಯೆಯೂ ಪ್ರಮಾಣಪುಸ್ತಕದಲ್ಲಿ ಬರೆದ ಸಂಖ್ಯೆಯೂ ಒಂದೇ ಆಗಿರಬೇಕು. ಇಲ್ಲದಿದ್ದರೆ ಒಬ್ಬನ ತಲೆಗೆ ಇನ್ನೊಬ್ಬನ ಮುಂಡ ಜೋಡಿಸಿದಂತೆ. ಎರಡನೆಯದು, ಪದಕವನ್ನು ಎಂದೆಂದಿಗೂ ತೊಳೆಯಬಾರದು. ಅದರ ಮೈಮೇಲಿನ ಕಪ್ಪೇ ಅದರ ವಯಸ್ಸು, ಅದರ ಸಾಕ್ಷ್ಯ. ನಮ್ಮ ಸೀಮೆಯಲ್ಲಿ ಈ ಎರಡನೆಯ ವಿಧಿಯನ್ನು ಪಾಲಿಸುವುದು ಎಷ್ಟು ಕಷ್ಟವೆಂಬುದು ಮಹಾನವಮಿಯ ಹಿಂದಿನ ದಿನ ಹಿತ್ತಲಿಗೆ ಹೋಗಿ ನೋಡಿದವರಿಗೆ ಗೊತ್ತು. ಮನೆಯಲ್ಲಿ ಲೋಹವೆಂಬುದು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಹುಣಸೆಹಣ್ಣು, ಬೂದಿ, ತೆಂಗಿನ ನಾರು. ಮಚ್ಚಿನಿಂದ ಹಿಡಿದು ತೂಕದ ಬಟ್ಟಿನವರೆಗೆ ಯಾವುದಕ್ಕೂ ಮಾಫಿಯಿಲ್ಲ.

ಜಯಮ್ಮ ಮುಂದಿಟ್ಟ ಪದಕಕ್ಕೂ ಮಾಫಿ ಸಿಕ್ಕಿರಲಿಲ್ಲ. “ಅಪ್ಪ ತಂದಾಗಿಂದ ಒಂದ್ ವರ್ಷನೂ ಬಿಟ್ಟಿಲ್ಲ ಸಾ. ಮೊದ್ಲು ನಮ್ಮವ್ವ ಉಜ್ಜೋರು, ಆಮೇಲೆ ನಾನು” ಎಂದು ಅವರು ಹೆಮ್ಮೆಯಿಂದ ಹೇಳಿದರು. ನಾನು ಪದಕವನ್ನು ತಿರುಗಿಸಿದೆ. ಬೆನ್ನು ನುಣ್ಣಗಿತ್ತು. ಸಂಖ್ಯೆ ಹಬ್ಬಗಳಲ್ಲಿ ಕರಗಿ ಹೋಗಿತ್ತು.

ಅವರ ತಂದೆ ಬಸವಯ್ಯ ದನದ ಆಸ್ಪತ್ರೆಯ ಕಾಂಪೌಂಡರ್ ಆಗಿದ್ದವರು. ಬನ್ನೂರು ಕುರಿಯ ರೋಗರುಜಿನಗಳನ್ನು ಕೈಯಿಂದ ಮುಟ್ಟಿಯೇ ಹೇಳುತ್ತಿದ್ದ ಅವರನ್ನು, ಜಯಮ್ಮ ಚಿಕ್ಕವರಿದ್ದಾಗ, ಯಾವುದೋ ನಿಯೋಗದ ಜೊತೆ ಐದು ತಿಂಗಳು ಮಂಗೋಲಿಯಾದ ಕುರಿಗಳ ನಡುವೆ ಕಳಿಸಿದ್ದರಂತೆ. ಬರುವಾಗ ಅಲ್ಲಿನವರು ‘ನೈರಮ್‌ದಾಲ್’, ಎಂದರೆ ಸ್ನೇಹ, ಎಂಬ ಪದಕ ಕೊಟ್ಟರಂತೆ. ಸೋಸಲೆಯ ಅವರ ಬೀದಿಯಿಂದ ಒಬ್ಬ ಕಾಂಪೌಂಡರು ವಿಮಾನ ಹತ್ತಿದನೆಂಬುದು ಆ ಕಾಲದಲ್ಲಿ ಊರಿನ ಗಂಟಲಲ್ಲಿ ಇಳಿಯುವ ಸುದ್ದಿಯಾಗಿರಲಿಲ್ಲ. ಬಸವಯ್ಯ ಸಾಯುವ ತನಕ ‘ಮಂಗೋಲಿಯಾ ಬಸವ’ ಎಂಬ ಅಡ್ಡಹೆಸರನ್ನು ಹೊತ್ತಿದ್ದರು, ಸುಳ್ಳ ಎಂಬ ಅರ್ಥದಲ್ಲಿ.

ಈಗ ಊರಿನ ಹಾಲಿನ ಡೈರಿಗೆ ಹೊಸ ಕಟ್ಟಡ ಆಗಿತ್ತು. ದನಕರುಗಳಿಗಾಗಿ ದುಡಿದ ಹಿರಿಯರ ಫೋಟೊಗಳನ್ನು ಗೋಡೆಗೆ ಹಾಕುವುದೆಂದು ತೀರ್ಮಾನವಾಗಿ, ಬಸವಯ್ಯನವರ ಫೋಟೊದ ಕೆಳಗೆ ‘ಮಂಗೋಲಿಯಾದ ಪದಕ ಪಡೆದವರು’ ಎಂದು ಬರೆಸಲು ಜಯಮ್ಮ ಕೇಳಿದ್ದರು. ಡೈರಿಯ ಹಿರಿಯ ಸದಸ್ಯ ಕೆಂಪೇಗೌಡರು ತುಂಬಿದ ಸಭೆಯಲ್ಲಿ ಎದ್ದು ನಿಂತರಂತೆ: “ಬಸವಯ್ಯ ಮಂಗೋಲಿಯಾಗೆ ಓಗಿದ್ನೋ ಮಳವಳ್ಳಿಗೆ ಓಗಿದ್ನೋ, ಕಂಡೋರ್ ಯಾರ್ಲಾ? ದಸರಾ ಎಗ್ಜಿಬಿಷನ್ನಲ್ಲಿ ಅಂಥವು ರಾಶಿ ಆಕ್ಕಂಡು ಮಾರ್ತಾರೆ ಕಣ್ಲಾ!” ಸಭೆ ನಕ್ಕಿತು. ಇಂಥ ಪದಕಗಳನ್ನು ಕೂಡಿಡುವವನೆಂದು ಕೇಳಿ ಜಯಮ್ಮ ಬಸ್ಸು ಹತ್ತಿ ನನ್ನಲ್ಲಿಗೆ ಬಂದರು.

ಪದಕದ ಜೊತೆ ಅವರು ತಂದಿದ್ದ ಪ್ರಮಾಣಪುಸ್ತಕವನ್ನು ತೆರೆದೆ. ಸಂಖ್ಯೆ ಸ್ಪಷ್ಟವಾಗಿತ್ತು. ಹೆಸರಿರಬೇಕಾದ ಜಾಗದಲ್ಲಿ ಮಾತ್ರ ಅರಿಸಿನ, ಕುಂಕುಮ, ಗಂಧ ಪದರಪದರವಾಗಿ ಗಟ್ಟಿಯಾಗಿದ್ದವು. ಪೂಜೆಗಿಟ್ಟ ಪುಸ್ತಕದ ಮೊದಲ ಪುಟಕ್ಕೆ ಕುಂಕುಮ ಇಡುವುದು ನಮ್ಮ ಪದ್ಧತಿ. ಮೊದಲ ಪುಟದಲ್ಲಿ ಹೆಸರು ಬರೆಯುವುದು ಮಂಗೋಲಿಯಾದ ಪದ್ಧತಿ. ಎರಡು ಪದ್ಧತಿಗಳೂ ಒಂದೇ ಗೇಣಿನ ಜಾಗಕ್ಕೆ ಬಂದು ಕೂತಿದ್ದವು.

“ಇದು ಯಾರದ್ದು ಅಂತ ನಾನು ಹೇಳಲಾರೆ” ಎಂದೆ. ಎರಡು ಆಧಾರವಿಲ್ಲದೆ ಒಂದು ಸಾಲನ್ನೂ ಅಚ್ಚಿಗೆ ಬಿಡದವನ ಹಳೆಯ ಧ್ವನಿ ಅದು. ಮನೆಯಲ್ಲಿ ಅದನ್ನು ಬಳಸಬಾರದೆಂದು ಸರೋಜಳ ಕಟ್ಟಪ್ಪಣೆಯಿತ್ತು.

ಜಯಮ್ಮ ಸೆರಗಿನ ತುದಿಯಿಂದ ಪದಕವನ್ನು ಒರೆಸಿದರು. ನಾನು ಕಣ್ಣು ಮುಚ್ಚಿಕೊಂಡೆ. “ಗೌಡ್ರು ಬೈದ್ರು, ಸರಿ. ನೀವು ಓದ್ದೋರು, ನೀವೂ ಅದನ್ನೇ ಅಂತೀರಲ್ಲ ಸಾ. ನಮ್ಮಪ್ಪ ಸುಳ್ಳ ಅಂತ ಗೋಡೆ ಮೇಲೆ ಬರಿಯೋದಿಲ್ಲ, ನಿಜ. ಆದ್ರೆ ಖಾಲಿ ಬಿಟ್ರೂ ಅದೇ ಅರ್ಥ ಅಲ್ವಾ?”

ಉತ್ತರ ಹೊಳೆಯದಾಗ ಪ್ರಾತ್ಯಕ್ಷಿಕೆ ಕೊಡುವುದು ಹವ್ಯಾಸಿಗಳ ದೌರ್ಬಲ್ಯ. ಸವೆದ ಅಂಕಿಗಳನ್ನು ಹೇಗೆ ಎತ್ತುತ್ತೇವೆಂದು ತೋರಿಸಲು ಪದಕದ ಮೇಲೆ ತೆಳುವಾದ ಹಾಳೆ ಹಾಸಿ ಪೆನ್ಸಿಲನ್ನು ಮಲಗಿಸಿ ಉಜ್ಜಿದೆ. ಕಾಗದ ಕಪ್ಪಾಯಿತೇ ಹೊರತು ಒಂದು ಅಂಕಿಯೂ ಮೂಡಲಿಲ್ಲ. ಜಯಮ್ಮ ಮೊದಲ ಬಾರಿಗೆ ನಕ್ಕರು. “ಇದೇನ್ ಸಾ ನಿಮ್ ರಿಸರ್ಚು? ನಾಲ್ಕಾಣೆ ಮೇಲೆ ಕಾಗ್ದ ಇಟ್ಟು ನಾವು ಮೂರನೇ ಕ್ಲಾಸಲ್ಲೇ ಹಿಂಗ್ ಮಾಡ್ತಿದ್ವಿ. ಇದರ ಮೇಲೂ ಮಾಡಿದ್ದೆ. ಅಪ್ಪನ ರಿಜಿಸ್ಟರ್ ಹಾಳು ಮಾಡ್ದೆ ಅಂತ ಬೆನ್ನಿಗೆ ಎರಡು ಬಿದ್ದಿತ್ತು…” ಮಾತು ಅರ್ಧದಲ್ಲಿರುವಾಗಲೇ ಇಬ್ಬರೂ ಒಟ್ಟಿಗೆ ಎದ್ದೆವು.

ರಿಜಿಸ್ಟರು ಸಿಕ್ಕಿ ನನ್ನ ಮೇಜಿಗೆ ಬರಲು ಮೂರು ವಾರ ಹಿಡಿಯಿತು. ಜಯಮ್ಮನವರ ಮನೆಯ ಅಟ್ಟದ ಟ್ರಂಕಿನಲ್ಲಿತ್ತು: ದನಗಳ ಚುಚ್ಚುಮದ್ದಿನ ದಪ್ಪ ರಿಜಿಸ್ಟರು, ಆಸ್ಪತ್ರೆಯಲ್ಲಿ ತುಂಬಿದ ಮೇಲೆ ಬಸವಯ್ಯ ಮನೆಗೆ ತಂದಿಟ್ಟುಕೊಂಡದ್ದು. ಅದರ ಮೊದಲ ಪುಟವೂ ಕುಂಕುಮದ ಪಾಲಾಗಿತ್ತು. ಆದರೆ ಪೋಲಿ ಮಕ್ಕಳು ಗೀಚುವುದು ಕಡೆಯ ಪುಟದಲ್ಲಿ. ಅಲ್ಲಿ ಪೆನ್ಸಿಲಿನ ಕಪ್ಪಿನೊಳಗಿಂದ ಪದಕದ ಬೆನ್ನು, ಅದರ ಸಂಖ್ಯೆಯ ಸಮೇತ, ಬೆಳ್ಳಗೆ ಎದ್ದು ನಿಂತಿತ್ತು. ಪ್ರಮಾಣಪುಸ್ತಕದ ಸಂಖ್ಯೆಯೇ ಅದು. ಕೆಳಗೆ, ಓದಲು ಬಾರದ ಆ ಲಿಪಿಯನ್ನು ರಂಗೋಲಿಯೆಂದು ಭಾವಿಸಿ, ಪ್ರಮಾಣಪುಸ್ತಕದ ಮೊದಲ ಪುಟವನ್ನೂ ಹುಡುಗಿ ಅಕ್ಷರ ಬಿಡದೆ ನಕಲು ಮಾಡಿದ್ದಳು. ಬೆರಳಿಟ್ಟು ಕೂಡಿಸಿ ಓದಿದೆ: ಬ, ಸ, ವ, ಯ್ಯ. ಮಂಗೋಲಿಯಾದ ಅಕ್ಷರಗಳಲ್ಲಿ ನಾನು ಅರ್ಥಸಹಿತ, ನಿಘಂಟಿಲ್ಲದೆ ಓದಿದ ಮೊದಲ ಪದ ಅದೇ.

ತಿ. ನರಸೀಪುರದಲ್ಲಿ ಬಸ್ಸು ಬದಲಿಸಿ ಸೋಸಲೆಗೆ ಹೋಗಿ, ಡೈರಿಯ ಜಗಲಿಯಲ್ಲಿ ಕೂತಿದ್ದ ಕೆಂಪೇಗೌಡರ ಮುಂದೆ ಎಲ್ಲವನ್ನೂ ಹರಡಿದೆವು. ನನ್ನ ವಾದಮಂಡನೆ ಸುದೀರ್ಘವಾಗಿತ್ತು, ಭೂತಗನ್ನಡಿಯನ್ನೂ ಒಯ್ದಿದ್ದೆ. ಗೌಡರು ಕಡೆಯ ಪುಟದ ಕಡೆ ತಿರುಗಿಯೂ ನೋಡಲಿಲ್ಲ. “ಆ ಗೀಚು ನಂಗ್ಯಾಕ್ ಸಾ? ನಂಗ್ ಕನ್ನಡನೇ ಕಷ್ಟ” ಎಂದು ರಿಜಿಸ್ಟರನ್ನು ಎಳೆದುಕೊಂಡು ನಡುವಿನ ಹಾಳೆಗಳನ್ನು ಒಂದೊಂದಾಗಿ ಮಗುಚತೊಡಗಿದರು. ಎಮ್ಮೆ, ಹಸು, ಕುರಿ, ಒಡೆಯನ ಹೆಸರು, ಬಣ್ಣ, ಬೇನೆ. ಎಲ್ಲವೂ ಬಸವಯ್ಯನವರ ಮುತ್ತಿನಂಥ ಅಕ್ಷರ. ಒಂದು ಕಡೆ ಅಕ್ಷರ ಬದಲಾಯಿತು. ಸೊಟ್ಟಂಬಟ್ಟ ಕೈ, ಐದು ತಿಂಗಳ ಉದ್ದಕ್ಕೆ. ಗೌಡರ ಬೆರಳು ಅಲ್ಲೊಂದು ಸಾಲಿನ ಮೇಲೆ ನಿಂತಿತು.

“ಇದು ನಮ್ ಕೆಂದೆತ್ತು” ಎಂದರು. “ಗಂಟ್ಲುಬೇನೆ. ಬರ್ದಿರೋನು ಬಸವಯ್ಯ ಅಲ್ಲ ಕಣಮ್ಮಿ, ಅವ್ನ ಬದ್ಲು ಬಂದಿದ್ದ ಕುಳ್ಳ ಕಾಂಪೌಂಡರು. ಸೂಜಿ ಎಲ್ಲಿ ಚುಚ್ಚಬೇಕು ಅಂತ ನನ್ನೇ ಕೇಳ್ದ.” ಬೆರಳು ಎತ್ತದೆ ಜಯಮ್ಮನವರತ್ತ ತಿರುಗಿದರು. “ಮೂರ್ ದಿನ ನಿಮ್ಮನೆ ಬಾಗ್ಲಿಗ್ ಬಂದೆ. ಅಪ್ಪ ಮಂಗೋಲಿಯಾಗ್ ಓಗವ್ನೆ ಅಂತ ಒಳ್ಗಿಂದ ನೀನೇ ಕೂಗ್ದೆ, ಇಷ್ಟುದ್ದ ಇದ್ದೆ. ಅಲ್ಲಿ ಅವ್ರ ಕುರಿ ಬದುಕ್ದೊ. ಇಲ್ಲಿ ನನ್ನೆತ್ತು ಸತ್ತೋಯ್ತು.”

ಜಯಮ್ಮ ಪದಕವನ್ನು ತೆಗೆದು ಗೌಡರ ಅಂಗೈಯಲ್ಲಿ ಇಟ್ಟರು. ಗೌಡರು ಅದರ ತೂಕ ನೋಡಿ, “ಚೆನ್ನಾಗ್ ಉಜ್ಜಿದ್ದೀಯ” ಎಂದರು.

ಎರಡು ಆಧಾರ ಬೇಕೆಂದು ಹಟ ಹಿಡಿದಿದ್ದ ನನಗೆ ಮೂರನೆಯದನ್ನು ಕೊಟ್ಟವರು ಪ್ರತಿವಾದಿಯೇ. ಬಸವಯ್ಯ ಊರಿನಲ್ಲಿ ಇರಲಿಲ್ಲವೆಂಬುದಕ್ಕೆ ಅವರಷ್ಟು ಖಚಿತವಾದ ಸಾಕ್ಷಿ ಇಡೀ ತಾಲ್ಲೂಕಿನಲ್ಲಿ ಇನ್ನೊಬ್ಬರಿರಲಿಲ್ಲ. ಭೂತಗನ್ನಡಿಯನ್ನು ಚೀಲಕ್ಕೆ ಹಾಕಿಕೊಂಡೆ.

ಫೋಟೊದ ಕೆಳಗಿನ ಸಾಲುಗಳನ್ನು ಕೆಂಪೇಗೌಡರೇ ಹೇಳಿ ಬರೆಸಿದರು: ‘ಮಂಗೋಲಿಯಾ ದೇಶದ ಸ್ನೇಹ ಪದಕ ಪಡೆದವರು. ಇವರು ಊರಲ್ಲಿದ್ದಾಗ ಎತ್ತು ಸಾಯುತ್ತಿರಲಿಲ್ಲ.’ ಎರಡನೆಯ ವಾಕ್ಯಕ್ಕೆ ಆಧಾರವಿಲ್ಲವೆಂದು ನಾನು ತಕರಾರು ತೆಗೆದೆ. “ಆಧಾರ ನಾನೇ ಕಣ್ರೀ, ಇಲ್ಲೇ ಕುಂತಿವ್ನಿ” ಎಂದರು. ನಾನು ತಿದ್ದಲಿಲ್ಲ.

ಈ ವರ್ಷ ಆಯುಧಪೂಜೆಯ ಮಾರನೆಯ ದಿನ, ಬೆಳಗ್ಗೆ ಹತ್ತೂವರೆಗೆ, ಜಯಮ್ಮನವರಿಂದ ನನ್ನ ಫೋನಿಗೆ ಒಂದು ಚಿತ್ರ ಬಂತು. ಮಣೆಯ ಮೇಲೆ ಮಚ್ಚು, ಇಳಿಗೆಮಣೆ, ತಂದೆಯ ಚುಚ್ಚುಮದ್ದಿನ ಪಿಚಕಾರಿ, ಎಲ್ಲವೂ ಫಳಫಳ ಹೊಳೆಯುತ್ತಿವೆ. ರಿಜಿಸ್ಟರಿಗೆ ಕುಂಕುಮವನ್ನು ರಟ್ಟಿನ ಮೇಲೆ ಇಟ್ಟಿದ್ದಾರೆ. ಪಕ್ಕದಲ್ಲಿರುವ ಪದಕ ಅಂಚಿನಿಂದ ಒಳಕ್ಕೆ ಕಪ್ಪಾಗಲು ಶುರುವಾಗಿದೆ.