ಕಡಲಿಗೆ ಬಾವುಟ ಹೊಲಿದ ನೂರಜಹಾನ

ಹಳೇ ಹುಬ್ಬಳ್ಳಿಯಲ್ಲಿ ನೂರಜಹಾನಳದು ಬಾವುಟ, ಪರದೆ ಹೊಲಿಯುವ ಸಣ್ಣ ಅಂಗಡಿ. ಬ್ಲೌಸು ಹೊಲಿಯುವ ಕೆಲಸ ಅವಳಿಗೆ ಎಂದೂ ಒಗ್ಗಲಿಲ್ಲ. ತೋಳು ಬಿಗಿಯಾಯಿತೆಂದು ಗೊಣಗುವ ಗಿರಾಕಿಗಳಿಗಿಂತ ಗಾಳಿಗೆ ಹಾರುವ ಬಟ್ಟೆಯೇ ವಾಸಿ ಎನ್ನುತ್ತಿದ್ದಳು. ಮೂವತ್ತು ವರ್ಷದಲ್ಲಿ ಅವಳ ಬಾವುಟ ಹಾರದ ಶಾಲೆ ಊರಲ್ಲಿ ಕಡಿಮೆ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ದೇವಿದಾಸ ಅಂಗಡಿಗೆ ಬಂದ. ಅಂಕೋಲಾ ಕಡೆಯ ಮೀನುಗಾರ. ವಾರಕ್ಕೆರಡು ಸಲ ಹುಬ್ಬಳ್ಳಿ ಮಾರ್ಕೆಟ್ಟಿಗೆ ಮೀನು ತರುವವನು. ಅವನ ಊರ ಕಡಲಲ್ಲಿ ಜಗಳವೆದ್ದಿತ್ತು. ಪ್ರವಾಸಿಗರನ್ನು ಸುತ್ತಿಸುವ ಮೋಟಾರು ದೋಣಿಗಳು ಬಲೆ ಹರಿಯುತ್ತಿದ್ದವು. ಬಂಡೆಯ ಬಳಿ ಚಿಪ್ಪು ಆಯುವ ಹೆಂಗಸರಿಗೆ ಎರಡೂ ಕಡೆಯವರ ಕಾಟ. ಕೊನೆಗೆ ಮೂರೂ ಪಂಗಡದವರು ಪಂಚಾಯತಿ ಕಟ್ಟೆಯಲ್ಲಿ ಕೂತು ನೀರನ್ನು ಮೂರು ಪಾಲು ಮಾಡಿಕೊಂಡಿದ್ದರು. ಪಾಲು ತೋರಿಸಲು ತೇಲುವ ಡಬ್ಬಗಳ ಮೇಲೆ ಬಾವುಟ ಬೇಕಿತ್ತು. ಬಲೆಗೆ ಕೆಂಪು, ದೋಣಿಗೆ ಹಳದಿ, ಚಿಪ್ಪಿಗೆ ನೀಲಿ.

ನೂರಜಹಾನ ಗಟ್ಟಿ ಬಟ್ಟೆ ಆರಿಸಿ, ಎರಡೆರಡು ಹೊಲಿಗೆ ಹಾಕಿ ಕೊಟ್ಟಳು. ಹದಿನೈದು ದಿನಕ್ಕೆ ದೇವಿದಾಸನ ಫೋನು ಬಂತು. ಸಂಜೆ ದೋಣಿಯೊಂದು ಮತ್ತೆ ಬಲೆಯ ಮೇಲೆ ಹಾದಿತ್ತು.

"ಬಣ್ಣ ಬಿಟ್ಟಾವೇನ್ರಿ?" ಎಂದು ನೂರಜಹಾನ ಕೇಳಿದಳು.

"ಬಣ್ಣ ಹಾಗೇ ಇದೆ ಅಕ್ಕ. ಆದರೆ ದೋಣಿಯವನು ಬಾವುಟ ಗುರುತೇ ಸಿಗಲಿಲ್ಲ ಅಂತಾನೆ."

"ನಾನ ಒಂದ ಸಲ ಬಂದು ನೋಡತೇನ್ರಿ. ನೋಡದ ಹೊಲದ್ರ ಮತ್ತ ಅದ ತಪ್ಪ ಆಗತೈತಿ."

ಮಗಳು ಹುಮಾಳ ಕೈಗೆ ಅಂಗಡಿ ಒಪ್ಪಿಸಿ ಮರುದಿನ ಬೆಳಗ್ಗೆ ಅಂಕೋಲಾ ಬಸ್ಸು ಹತ್ತಿದಳು. ಇಳಿಹೊತ್ತಿಗೆ ದೇವಿದಾಸನ ದೋಣಿಯಲ್ಲಿ ಕೂತಾಗ ಎರಡೂ ಕೈಯಲ್ಲಿ ಅಂಚು ಹಿಡಿದಿದ್ದಳು. ದೋಣಿ ಹತ್ತಿದ್ದು ಅದೇ ಮೊದಲು. ಆದರೆ ಬಾವುಟ ಕಂಡೊಡನೆ ಹೆದರಿಕೆ ಮರೆತುಹೋಯಿತು. ಮುಳುಗುವ ಸೂರ್ಯ ಎದುರಿಗಿದ್ದ. ಕೆಂಪು, ಹಳದಿ, ನೀಲಿ ಎಲ್ಲವೂ ಕಪ್ಪು. ಗಾಳಿ ನಿಂತಿದ್ದರಿಂದ ಬಟ್ಟೆ ಕೋಲಿಗೆ ಒದ್ದೆ ಟವೆಲ್ಲಿನಂತೆ ಅಂಟಿತ್ತು.

ಅಷ್ಟರಲ್ಲಿ ದೂರದ ದೋಣಿಯೊಂದನ್ನು ನೋಡಿ ದೇವಿದಾಸ, "ನಮ್ಮ ಗಣಪು ಬಂದ," ಎಂದ.

"ಮಾರಿ ಕಾಣವಲ್ದು. ಅಂವನ ಅಂತ ಹೆಂಗ ಗೊತ್ತಾತ್ರಿ?"

"ಸೊಂಟದ ಮೇಲೆ ಕೈಯಿಟ್ಟು ನಿಲ್ಲೋನು ಅವನೊಬ್ಬನೇ."

ನೂರಜಹಾನ ಆ ಕಪ್ಪು ಆಕೃತಿಯನ್ನೇ ನೋಡುತ್ತ ಕೂತಳು. ದಡಕ್ಕೆ ಬಂದವಳೇ ಹಳೆಯ ಪೇಪರು ಕೇಳಿ, ಕತ್ತರಿ ತೆಗೆದು ಮೂರು ತುಂಡು ಕತ್ತರಿಸಿದಳು: ಚೌಕ, ಮುಮ್ಮೂಲೆ, ದುಂಡು.

"ಬಣ್ಣ ಹಂಗ ಇರಲಿ ಬಿಡ್ರಿ, ಬೆಳಕಿದ್ದಾಗ ಬೇಕಾಗತೈತಿ. ಆದ್ರ ಆಕಾರ ಬ್ಯಾರೆ ಬ್ಯಾರೆ ಮಾಡೂಣು. ಅಂಚಿನ್ಯಾಗ ಬೆತ್ತ ಸೇರಿಸಿ ಹೊಲೀತೇನಿ. ಗಾಳಿ ಇರಲಿ ಬಿಡಲಿ, ಮಡಚೂದಿಲ್ಲ."

ಸುತ್ತ ನಿಂತವರಲ್ಲಿ ಚಿಪ್ಪಿನ ಹೆಂಗಸೊಬ್ಬಳು ಮುಂದೆ ಬಂದು, "ದುಂಡು ನಮಗಿರಲಿ," ಎಂದು ಪೇಪರನ್ನು ಎತ್ತಿಕೊಂಡೇಬಿಟ್ಟಳು. ಉಳಿದೆರಡನ್ನು ಗಂಡಸರು ಹಂಚಿಕೊಂಡರು.

ಬೆತ್ತ ಬಾಗಿಸುವುದು ಸುಲಭವಾಗಲಿಲ್ಲ. ಎರಡು ಸೂಜಿ ಮುರಿದವು, ಹೆಬ್ಬೆರಳಿಗೆ ಗಾಯವಾಯಿತು. ನೆನೆಸಿಟ್ಟ ಬೆತ್ತ ಮಾತು ಕೇಳುತ್ತದೆಂದು ಹುಮಾ ಕಂಡುಹಿಡಿದ ಮೇಲೆ ಕೆಲಸ ಓಡಿತು. ಹತ್ತು ದಿನಕ್ಕೆ ಬಾವುಟಗಳು ಮೀನಿನ ಗಾಡಿಯಲ್ಲಿ ಘಟ್ಟ ಇಳಿದವು.

ಮಾರ್ಚಿನಲ್ಲಿ ದೇವಿದಾಸ ಮತ್ತೆ ಅಂಗಡಿಗೆ ಬಂದ. ಬಲೆ ಹರಿದಿರಲಿಲ್ಲ. ಜಗಳ ಪೂರ್ತಿ ನಿಂತಿರಲೂ ಇಲ್ಲ. ದುಂಡಿನ ನೀರು ಸಾಲದು, ಇನ್ನಷ್ಟು ಬೇಕೆಂದು ಹೆಂಗಸರು ಪಂಚಾಯತಿಯಲ್ಲಿ ಪಟ್ಟು ಹಿಡಿದಿದ್ದರು.

"ಏನಂದ್ರಿ, ದುಂಡಿನ ನೀರಾ?"

"ಈಗ ಎಲ್ಲರೂ ಹಾಗೇ ಕರೆಯೋದು ಅಕ್ಕ. ಚೌಕದ ನೀರು, ಮುಮ್ಮೂಲೆ ನೀರು, ದುಂಡಿನ ನೀರು."

ನೂರಜಹಾನ ನಕ್ಕು ಹುಮಾಳತ್ತ ತಿರುಗಿದಳು. "ಕೇಳಿದೇನವ್ವಾ?" ಎಂದು, ಇಬ್ಬರಿಗೂ ಚಹಾ ತರಿಸಿ, ಅವನಿಂದ ಅದನ್ನು ಇನ್ನೊಮ್ಮೆ ಮೊದಲಿನಿಂದ ಹೇಳಿಸಿದಳು.